ರವಿವಾರದ ಹಕೀಮರು

ಹೋದ ವಾರ ಬೀದರಿನ ಖಾನಾವಳಿಯೊಂದರಲ್ಲಿ ಊಟ ಮುಗಿದ ಮೇಲೆ ಬಡೇಸೋಪಿನ ತಟ್ಟೆ ಬಂತು. ನಾನು ಅದನ್ನು ಮೆಲ್ಲಗೆ ಹೆಂಡತಿ ಸುನಂದಾಳ ಕಡೆ ಸರಿಸಿದೆ. ನೀವು ಊಟ ಅರಗಲೆಂದು ತಿನ್ನುವವರು. ನಾನು ವರ್ಷಗಟ್ಟಲೆ ತಿಂದದ್ದು ಕುಡಿದ ಬಾಯಿಯ ವಾಸನೆ ಮುಚ್ಚಲು. ಅಂಗಿಯ ಜೇಬು, ಚೀಲ, ಶಾಲೆಯ ಮೇಜಿನ ಖಾನೆ, ಎಲ್ಲ ಕಡೆ ಬಡೇಸೋಪು. ಈ ಉಪಾಯದಿಂದ ಮೋಸಹೋದವನು ನಮ್ಮೂರು ಭಾಲ್ಕಿಯಲ್ಲಿ ನಾನೊಬ್ಬನೇ. ಸುನಂದಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಕ್ಕಳು. ಆಮೇಲೆ ಹದಿನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತು ಹೇಳಿದಳು. ಅದು ನಿಮಗೆ ತಿಳಿಯಬೇಕಾದರೆ ನಾನು ಮೊದಲಿನಿಂದ ಹೇಳಬೇಕು.

ಆಗ ಅವಳು ಒಂದನೇ ತರಗತಿಯ ಮಗಳನ್ನು ಕರೆದುಕೊಂಡು ಔರಾದಿನ ತವರಿಗೆ ಹೋಗಿಬಿಟ್ಟಿದ್ದಳು. ಜಗಳವಿಲ್ಲ, ಕೂಗಾಟವಿಲ್ಲ. ಷರತ್ತು ಒಂದೇ: “ನಿಮ್ಮ ಆಣಿ ನನಗ ಸಾಕಾಗ್ಯಾವ್ರಿ. ನೀವು ಕುಡಿಯೋದು ಬಿಟ್ಟೀರಿ ಅಂತ ನಮ್ಮಪ್ಪ ಹೇಳಿದ ದಿವಸ ಬರ್ತೇನಿ.”

ಅವಳಪ್ಪ, ಅಂದರೆ ನನ್ನ ಮಾವ, ಬಿಳಿ ಧೋತರ, ಬಿಳಿ ಟೋಪಿಯ ಮನುಷ್ಯ. ಅವರೆದುರು ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಅವರಿಗಿದ್ದ ತೊಂದರೆ ಮೊಣಕಾಲಿನದೊಂದೇ. ಪ್ರತಿ ರವಿವಾರ ಬೀದರಿನ ಯಾರೋ ಹಕೀಮರ ಹತ್ತಿರ ಲೇಪ ಹಚ್ಚಿಸಿಕೊಂಡು ಬರುತ್ತಿದ್ದರು. ಇಷ್ಟು ವರ್ಷ ಹಚ್ಚಿದರೂ ವಾಸಿಯಾಗದ ಮೊಣಕಾಲಿನ ಬಗ್ಗೆ ನನಗೆ ಅನುಮಾನ ಬರಲಿಲ್ಲ. ನನ್ನ ಬುದ್ಧಿ ಆಗ ಬೇರೆಡೆ ಇತ್ತು.

ಖಾಲಿ ಮನೆಯಲ್ಲಿ ಎರಡು ತಿಂಗಳು ಕಳೆದ ಮೇಲೆ ಡಾಕ್ಟರೊಬ್ಬರನ್ನು ಕಂಡೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಭಾಲ್ಕಿಯಲ್ಲೂ ಬೀದರಿನಲ್ಲೂ ವಾರಕ್ಕೊಮ್ಮೆ ಕೂಡುತ್ತಾರೆ, ಹೋಗಿ ಎಂದರು. ಭಾಲ್ಕಿಯಲ್ಲಿ ಯಾರಾದರೂ ನೋಡಿದರೆ? ಹಾಡಹಗಲೇ ಗಟಾರದ ಪಕ್ಕ ಬಿದ್ದಿದ್ದನ್ನು ಊರೇ ನೋಡಿತ್ತು; ಆಗ ಬಾರದ ನಾಚಿಕೆ ಈಗ ಬಂತು. ಮುಂದಿನ ರವಿವಾರ ಬೀದರಿಗೇ ಹೋದೆ.

ಬಸ್ ನಿಲ್ದಾಣದಲ್ಲಿ ಆಟೊದವನನ್ನು ಕೇಳಿದೆ. “ಕುಡಿಯೋದು ಬಿಡಸೋ ಮೀಟಿಂಗ್ ಎಲ್ಲಿ ಆಗ್ತದಪಾ? ನನಗಲ್ಲ, ನನ್ನ ದೋಸ್ತಗ ಬೇಕಾಗ್ಯಾದ.”

“ದೋಸ್ತ ಎಲ್ಲಿದ್ದಾರ ಸಾಬ್?”

“ಮನಿಯಾಗ.”

“ಅಲ್ಲಿಗಿ ಎಲ್ಲಾರೂ ದೋಸ್ತನ ಸಲುವಾಗೇ ಬರ್ತಾರ. ಕುಂದ್ರಿ, ಬಿಡ್ತೀನಿ.”

ಅದೊಂದು ಹಳೆಯ ಶಾಲೆಯ ಕೋಣೆ, ಚಿಕ್ಕ ಮಕ್ಕಳ ಬೆಂಚುಗಳು. ಮೇಷ್ಟರಾದ ನಾನು ಕೊನೆಯ ಬೆಂಚಿನಲ್ಲಿ ಮುದುಡಿ ಕೂತೆ. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯವರೊಬ್ಬರು ಎದ್ದು ನಮ್ಮ ಕಡೆ ತಿರುಗಿದರು. “ನನ್ನ ಹೆಸರ ವೈಜನಾಥ. ನಾ ಕುಡುಕ ಇದ್ದೀನಿ. ಮುಟ್ಟಲಾರದ ಇಪ್ಪತ್ತೆರಡು ವರ್ಷ ಆತು.”

ನನ್ನ ಮಾವ! ಎದ್ದು ಓಡೋಣವೆಂದರೆ ಕಾಲು ಬೆಂಚಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವರೂ ನನ್ನನ್ನು ನೋಡಿದರು, ಆಮೇಲೆ ಮಾತು ಮುಂದುವರಿಸಿದರು. ನೌಕರಿಗೆಂದು ಪರ ಊರಲ್ಲಿದ್ದಾಗ ಕುಡಿದದ್ದು, ಹೆಂಡತಿಯೊಬ್ಬಳಿಗೇ ಗೊತ್ತಿದ್ದದ್ದು, ಮಕ್ಕಳಿಂದ ಮುಚ್ಚಿಟ್ಟದ್ದು, ಎಲ್ಲ ಹೇಳಿದರು. ನನ್ನ ಸರದಿ ಬಂದಾಗ ಹೆಸರು ಹೇಳುವಷ್ಟರಲ್ಲಿ ಅಳು ಬಂತು. ಯಾರೂ ನಗಲಿಲ್ಲ. ಚಹಾ ಕೊಟ್ಟರು. ಕೊಟ್ಟವರು ಮಾವನೇ.

ಅಂದಿನಿಂದ ನಾನು ಬಾಟಲಿ ಮುಟ್ಟಿಲ್ಲ. ಆರು ತಿಂಗಳ ಮೇಲೆ ಧೈರ್ಯ ಮಾಡಿ ಕೇಳಿದೆ. “ಮಾವಾರ, ನಾ ಬಿಟ್ಟೀನಿ ಅಂತ ಸುನಂದಾಗ ಒಂದು ಮಾತು ಹೇಳ್ರಿ.”

“ಇಲ್ಲಿ ಕೇಳಿದ್ದು ಈ ಹೊಸ್ತಿಲ ದಾಟಬಾರದ್ರಿ ಅಳಿಯಂದಿರೇ. ನಿಮ್ಮ ಮಾತು ನಿಮ್ದು. ನಾ ಹ್ಯಾಂಗ ಹೇಳ್ಲಿ?”

ನನ್ನ ಸಂಕಟ ನೋಡಿ. ನಾನು ಕುಡಿಯುತ್ತಿಲ್ಲ ಎಂದು ವಾರವಾರ ಕಣ್ಣಾರೆ ಕಂಡವರು ನಮ್ಮವರಲ್ಲಿ ಅವರೊಬ್ಬರೇ, ಹೆಂಡತಿ ನಂಬುವುದೂ ಅವರೊಬ್ಬರನ್ನೇ, ಅವರು ಬಾಯಿ ಬಿಡರು. ಸಿಟ್ಟು ಬಂದು ಮಾರನೆಯ ದಿನವೇ ಔರಾದಿಗೆ ಹೋದೆ. “ಬರ್ರಿ ಬರ್ರಿ, ಎಷ್ಟು ದಿವಸಾತು ನಿಮ್ಮ ಮಾರಿ ನೋಡಿ!” ಎಂದು ಮಾವ ಎದ್ದು ಬಂದರು. ಅಂಥ ನಟನೆಯನ್ನು ನಾನು ಯಾವ ಬಯಲಾಟದಲ್ಲೂ ಕಂಡಿಲ್ಲ.

ಮುಂದಿನ ತಿಂಗಳು ಒಂದು ಮುಂಜಾನೆ ಸುನಂದಾ ಮಗಳೊಂದಿಗೆ, ಟ್ರಂಕಿನೊಂದಿಗೆ ಭಾಲ್ಕಿಯ ಮನೆ ಬಾಗಿಲಲ್ಲಿ ನಿಂತಿದ್ದಳು. ನಾನು ಯಾಕೆಂದು ಕೇಳಲಿಲ್ಲ. ಔರಾದಿನಲ್ಲಿ ನನ್ನ ಮುಖದ ಕಳೆ ನೋಡಿ ತಾನಾಗಿ ಬಂದಳು ಎಂದು ತೀರ್ಮಾನಿಸಿಬಿಟ್ಟೆ. ಆ ಮುಖದ ಕಳೆಯ ಕಥೆಯನ್ನು ಮೀಟಿಂಗಿನಲ್ಲಿ ಹೊಸದಾಗಿ ಬಂದವರಿಗೆಲ್ಲ ಹೇಳಿದ್ದೇನೆ. ಮಾವ ಪ್ರತಿ ಸಲವೂ ಮೊದಲ ಸಲ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು.

ಖಾನಾವಳಿಯಲ್ಲೂ ಅದನ್ನೇ ಶುರುಮಾಡಿದ್ದೆ. ಸುನಂದಾ ತಡೆದಳು. “ಮುಖದ ಕಳಿ ಅಲ್ರಿ. ಅವತ್ತ ಅಪ್ಪ ನನ್ನ ಎದುರಿಗಿ ಕೂಡಿಸ್ಕೊಂಡು, ‘ಮೊಣಕಾಲಿಗಿ ಏನೂ ಆಗಿಲ್ಲವ್ವ. ನಾ ಕುಡುಕ ಇದ್ದೀನಿ. ರವಿವಾರ ಕುಡುಕರ ಮೀಟಿಂಗಿಗಿ ಹೋಗ್ತೇನಿ’ ಅಂದ್ರು. ನಿಮ್ಮ ಹೆಸರ ಎತ್ತಲಿಲ್ಲ. ‘ಇವರೂ ಅಲ್ಲಿ ಬರ್ತಾರೇನಪಾ’ ಅಂತ ನಾನೇ ಕೇಳಿದೆ. ಸುಮ್ಮನ ಕೂತ್ರು. ನಾ ಟ್ರಂಕ ತುಂಬಿದೆ.” ಬಡೇಸೋಪಿನ ತಟ್ಟೆಯನ್ನು ಅತ್ತ ಸರಿಸಿ ಹೇಳಿದಳು, “ನಿಮಗ ಹೇಳಬ್ಯಾಡ, ‘ನಾನೇ ಗೆದ್ದೀನಿ’ ಅಂತ ತಿಳಕೊಳ್ಳಲಿ ಅಂತ ಅಪ್ಪ ಅಂದಿದ್ರು.”

ಮಗಳ ಕಣ್ಣಲ್ಲಿ ಅಷ್ಟು ಎತ್ತರದಲ್ಲಿದ್ದವರು, ನನ್ನ ಗುಟ್ಟು ಕಾಯಲು ತಮ್ಮ ಗುಟ್ಟು ಬಿಟ್ಟುಕೊಟ್ಟಿದ್ದರು. ಖಾನಾವಳಿಯಲ್ಲಿ ಜನರ ಮುಂದೆಯೇ ಕಣ್ಣೊರೆಸಿಕೊಂಡೆ.

ಮೊನ್ನೆ ರವಿವಾರ ಮೀಟಿಂಗಿನಲ್ಲಿ ನನ್ನ ಸರದಿ ಬಂತು. ಎಂಬತ್ತು ದಾಟಿದ ಮಾವ ಎದುರಿಗೇ ಕೂತಿದ್ದರು. “ನನ್ನ ಹೆಂಡತಿ ತಿರುಗಿ ಬಂದಿದ್ದು ನನ್ನಿಂದ ಅಲ್ರಿ. ಒಬ್ಬರು ತಮ್ಮ ಮರ್ಯಾದಿ ಕೊಟ್ಟು ತಂದುಕೊಟ್ರು” ಎಂದೆ. ಹೆಸರು ಹೇಳಲಿಲ್ಲ. ಮಾವ ಟೋಪಿ ತೆಗೆದು, ಮಡಿಲಲ್ಲಿಟ್ಟುಕೊಂಡು, ಅದನ್ನೇ ನೋಡುತ್ತ ಕೂತರು.

ಹೊರಗೆ ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾದಾಗಿನಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ನಡಿಯಪಾ ಮಗಾ,” ಎಂದರು, “ಬಸ್ ತಪ್ತದ.”