ಕೆಂದನ ಕೂಗು

‘ಕೆಂದ ಪ್ಯಾಟೆಗೆ ಬಂದ’ ಎಂಬ ಮಕ್ಕಳ ಕಾರ್ಟೂನ್ ಸಿನಿಮಾ ಬಿಡುಗಡೆಯಾಗುವ ಮುಂಚೆ ಅದರ ತೆರೆಮರೆಯ ಸಂಗತಿಗಳದೊಂದು ವಿಡಿಯೋ ಹಾಸನದ ಕಡೆಯ ಎಲ್ಲರ ಮೊಬೈಲಿಗೂ ಬಂತು. ಟೀವಿ ಧಾರಾವಾಹಿಯ ಕಾಲದಿಂದ ಮಕ್ಕಳೆಲ್ಲ ಬಲ್ಲ ಕೆಂದ ಎಂಬ ಆ ತುಂಟ ಕರು ಓಡುವ ಸದ್ದು ಯಾವುದು ಗೊತ್ತೆ? ಚನ್ನರಾಯಪಟ್ಟಣದಿಂದ ತಂದ ತೆಂಗಿನ ಕರಟಗಳನ್ನು ಒದ್ದೆ ಗೋಣಿಯ ಮೇಲೆ ಕುಟ್ಟಿದ್ದು. ಮಳೆ ಸುರಿಯುವ ಸದ್ದು ಮೊರದಲ್ಲಿ ರಾಗಿ ಆಡಿಸಿದ್ದು. ಹಲ್ಲಿಲ್ಲದ ಅಜ್ಜಿ ಮುದ್ದೆ ನುಂಗುವ ಸದ್ದನ್ನು ನಿರ್ದೇಶಕರು ಸ್ವತಃ ಬಾಳೆಹಣ್ಣು ತಿಂದು ಮಾಡಿದರಂತೆ. ಇಷ್ಟೆಲ್ಲ ಬಾಯಿಬಿಟ್ಟ ಪುಣ್ಯಾತ್ಮರು ಕೆಂದನ ದನಿ ಯಾರದೆಂಬುದನ್ನು ಮಾತ್ರ ನುಂಗಿಕೊಂಡರು. ಅತ್ಯಾಧುನಿಕ ತಂತ್ರಜ್ಞಾನ ಎಂದು ಒಂದು ಸಾಲು ತೋರಿಸಿ ಮುಂದಕ್ಕೆ ಹೋದರು. ಕರಟಕ್ಕೆ ಸಿಕ್ಕ ಮರ್ಯಾದೆ ಆ ದನಿಯ ಒಡತಿ ಶೋಭಿತಾಳಿಗೆ ಸಿಗಲಿಲ್ಲ. ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ.

ಶೋಭಿತಾ ದುದ್ದದ ಬೈರಯ್ಯನ ಮಗಳು. ಬೈರಯ್ಯ ಕೂಲಿ ಮಾಡಿಕೊಂಡು, ಮನೆ ಹಿಂದೆ ಒಂದೇ ಒಂದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವನು. ಶೋಭಿತಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಆ ಹಸುವಿನ ಕರು ಭೇದಿಯಾಗಿ ಸತ್ತುಹೋಯಿತು. ಕರು ಮುಂದಿಲ್ಲದೆ ಆ ಹಸು ಒಂದು ತೊಟ್ಟು ಹಾಲೂ ಇಳಿಸುತ್ತಿರಲಿಲ್ಲ. ಬೈರಯ್ಯ ಹಿಂದಿನವರು ಮಾಡುತ್ತಿದ್ದುದನ್ನೇ ಮಾಡಿದ. ಸತ್ತ ಕರುವಿನ ಚರ್ಮಕ್ಕೆ ಉಪ್ಪು ಸವರಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಕಾಲಿಗೆ ನಾಲ್ಕು ಕೋಲು ಕೊಟ್ಟು ಹಸುವಿನ ಮುಂದೆ ನಿಲ್ಲಿಸಿದ. ಹಸು ಮೂಸಿ ನೋಡಿ ಮುಖ ತಿರುಗಿಸಿಕೊಂಡಿತು. ಆಗ ಯಾರೂ ಹೇಳದೆ ಶೋಭಿತಾ ಆ ಹುಲ್ಲಿನ ಕರುವಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸತ್ತ ಕರು ಹಸಿದಾಗ ಹೇಗೆ ಕೂಗುತ್ತಿತ್ತೋ ಹಾಗೇ ಕೂಗಿದಳು. ಹಸುವಿನ ಕಿವಿ ನೆಟ್ಟಗಾಯಿತು. ತಿರುಗಿ ಬಂದು ಹುಲ್ಲಿನ ಕರುವಿನ ಬೆನ್ನು ನೆಕ್ಕತೊಡಗಿತು. ಬೈರಯ್ಯನ ಚೆಂಬಿಗೆ ಹಾಲು ಬಿತ್ತು.

“ಅದ್ಕೆ ಗೊತ್ತಾಗಕಿಲ್ವಾ ಅಪ್ಪ, ಇದು ಬರೀ ಉಲ್ಲು ಅಂತ?” ಎಂದು ಕೇಳಿದಳು.

“ಗೊತ್ತಾಗ್ದಿದ್ರೇ ಒಳ್ಳೇದು ಕಣವ್ವ. ಕೆಚ್ಚಲಲ್ಲೇ ಆಲು ಉಳುದ್ರೆ ಅದ್ಕೂ ನೋವು.”

ಆ ಹಸು ಬತ್ತುವ ತನಕ ಎರಡು ಹೊತ್ತೂ ಅವಳು ಹುಲ್ಲಿನ ಕರುವಿನ ಹಿಂದೆ ಕೂತು ಕೂಗಿದಳು. ಅವಳಿಗೆ ಯಾವ ಗುರು, ಯಾವ ತರಬೇತಿ? ಇದ್ದದ್ದು ಇಷ್ಟೇ.

ಡಿಗ್ರಿ ಮುಗಿಸಿದ ಮೇಲೆ ಹಾಸನದಲ್ಲಿ ಟೀವಿ ಕಾರ್ಟೂನಿಗೆ ದನಿ ಕೊಡುವವರು ಬೇಕಂತೆ ಎಂದು ಯಾರೋ ಹೇಳಿದರು. ಹೋದಳು. ಪಾತ್ರೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಅದೇ ಸ್ಟುಡಿಯೋ. ಕೆಳಗೆ ಬಸ್ಸು ಹಾರನ್ ಹೊಡೆದರೆ ಎಲ್ಲರೂ ತಲೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ನಿರ್ದೇಶಕ ಚಂದ್ರಮೌಳಿ ಅವಳ ಕೈಲಿ ಅಜ್ಜಿಯ ಮಾತು ಆಡಿಸಿ ನೋಡಿದರು, ಸರಿಹೋಗಲಿಲ್ಲ. ಚಪ್ಪಲಿ ಮೆಟ್ಟುತ್ತಾ ಅವಳು, “ಕರ ಅಳದು ಬೇಕಾ ಸಾ?” ಎಂದು ತಮಾಷೆಗೆ ಕೇಳಿ ಒಂದು ಸಲ ಕೂಗಿದಳು. ಚಂದ್ರಮೌಳಿ ಮೈಕಿನ ಮುಂದಿದ್ದವರನ್ನು ಎಬ್ಬಿಸಿ ಅವಳನ್ನು ಕೂರಿಸಿದರು.

ಹೀಗೆ ಶುರುವಾದ ‘ಕೆಂದನ ಕಿತಾಪತಿ’ ವರ್ಷಗಟ್ಟಲೆ ಓಡಿತು. ಕೆಂದ ನಕ್ಕರೆ ಶೋಭಿತಾ ನಕ್ಕಳು, ಅತ್ತರೆ ಶೋಭಿತಾ ಅತ್ತಳು. ಅರಕಲಗೂಡಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ಸೀರೆ ಉಟ್ಟ ಹೆಂಗಸೊಬ್ಬಳು ವೇದಿಕೆಗೆ ಬಂದದ್ದನ್ನು ನೋಡಿ ಮಕ್ಕಳ ಮುಖ ಸಪ್ಪಗಾಯಿತು. ಅವಳು ಬಾಯಿ ತೆರೆದದ್ದೇ ತಡ, ಸಾಲು ಮುರಿದು ಓಡಿಬಂದು ಕಾಲಿಗೆ ಜೋತುಬಿದ್ದವು. ಅವಳ ಆಯಸ್ಸಿನಲ್ಲಿ ಅಂಥ ದಿನ ಮತ್ತೆ ಬರಲಿಲ್ಲ.

ಹೊಳೆನರಸೀಪುರದಲ್ಲಿ ಗ್ಯಾರೇಜ್ ಇಟ್ಟಿದ್ದ ಕೀರ್ತಿರಾಜನ ಜೊತೆ ಮದುವೆಯಾಯಿತು. ಕವನಾ ಹುಟ್ಟಿದಳು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೆಂದನ ದನಿಯಲ್ಲಿ ಕತೆ ಶುರುಮಾಡಿದರೆ ಕತೆ ಕೆರೆ ದಾಟುವ ಮುಂಚೆಯೇ ಮಗು ನಿದ್ದೆ. ಹಾಗಿರುವಾಗ ಶೋಭಿತಾಳ ಗಂಟಲಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತು. ಆಪರೇಷನ್ ಮಾಡಿದರು. ದನಿಯ ನರಕ್ಕೇ ಗಂಟು ಸುತ್ತಿಕೊಂಡಿತ್ತಂತೆ. ಯಾರನ್ನು ಬೈಯುವುದು? ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ತಗಡಿನ ಮೇಲೆ ಜಲ್ಲಿ ಎಳೆದಂಥ ಒಂದು ಗೊರಗೊರ ಸದ್ದು. ಡಾಕ್ಟರು ಆರು ತಿಂಗಳು ಕಾಯಿರಿ ಎಂದರು, ಆಮೇಲೆ ವರ್ಷ ಎಂದರು, ಆಮೇಲೆ ಏನೂ ಅನ್ನಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮಗಳನ್ನು ಮಡಿಲಿಗೆ ಎಳೆದುಕೊಂಡು ಕೆಂದನ ಕತೆ ಶುರುಮಾಡಿದ್ದಳು. ಮಗು ಹೆದರಿ ಕಿಟಾರನೆ ಕಿರುಚಿ ಅಪ್ಪನ ಹತ್ತಿರ ಓಡಿತು. ಅಲ್ಲಿಂದ ಈಚೆಗೆ ಕವನಾ ಅವಳ ಮಡಿಲಲ್ಲಿ ಮಲಗಲಿಲ್ಲ. ಮೊಬೈಲಿನಲ್ಲಿ ಹಳೆಯ ಕಂತು ಹಾಕಿಕೊಟ್ಟರೆ ಅಪ್ಪನ ಮಗ್ಗುಲಲ್ಲಿ ಮಲಗುತ್ತಿದ್ದಳು. ಅದು ನಿನ್ನ ಅಮ್ಮನ ದನಿ ಎಂದು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ದೊಡ್ಡವಳಾದಂತೆ ಅಮ್ಮ ಹಾಗೆ ಕತೆ ಹೇಳುತ್ತಿದ್ದದ್ದೂ ಮರೆತುಹೋಯಿತು.

ಆ ಹೊತ್ತಿಗೆ ಚಂದ್ರಮೌಳಿ ಕೀರ್ತಿರಾಜನಿಗೆ ಫೋನ್ ಮಾಡಿ ಕೆಂದನ ಸಿನಿಮಾ ಆಗುತ್ತಿದೆ ಎಂದರು. ಶೋಭಿತಾಳ ಎದೆಯಲ್ಲಿ ಒಂದು ದುರಾಸೆ ಹುಟ್ಟಿತು. ಹೇಗಾದರೂ ದನಿ ಬಂದು, ಸಿನಿಮಾದಲ್ಲಿ ಕೂಗಿ, ಮನೆಗೆ ಬಂದು ಅದೇ ದನಿಯಲ್ಲಿ ಕವನಾಳನ್ನು ಕರೆದರೆ ಮಗು ತಿರುಗಿ ಬರುತ್ತದೆ. ಅವಳಿಗೆ ಬೇಕಿದ್ದದ್ದು ಅಷ್ಟೇ. ಶುಂಠಿ ಜಗಿದಳು, ಕಾಳುಮೆಣಸಿನ ಕಷಾಯ ಕುಡಿದಳು, ಕೀರ್ತಿರಾಜ್ ಮನೆಯಲ್ಲಿಲ್ಲದಾಗ ಬಾಗಿಲು ಹಾಕಿಕೊಂಡು ಕೂಗಿ ನೋಡಿದಳು. ಕೊನೆಗೆ ದುದ್ದಕ್ಕೆ ಹೋಗಿ ಅಪ್ಪನ ಕೊಟ್ಟಿಗೆಯಲ್ಲಿ ನಿಂತಳು.

“ಮನುಷ್ಯರು ಮುಲಾಜಿಗೆ ಚೆನ್ನಾಗದೆ ಅಂತಾರೆ. ಅಸ ಅನ್ನಕಿಲ್ಲ. ಕೂಗವ್ವ,” ಎಂದ ಬೈರಯ್ಯ.

ಅಲ್ಲಿದ್ದದ್ದು ಬೇರೆ ಹಸು, ಹೊಸದಾಗಿ ಕರು ಹಾಕಿತ್ತು. ಕರುವನ್ನು ಬೈರಯ್ಯ ಕಣ್ಣಿಗೆ ಬೀಳದ ಹಾಗೆ ಆಚೆ ಕಟ್ಟಿದ್ದ. ಶೋಭಿತಾ ಹಳೆಯ ಹಾಗೇ ಕುಕ್ಕರಗಾಲಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ಉಸಿರು ಕಟ್ಟಿ ಕೂಗಿದಳು. ಹಸು ಮೆಲುಕು ಹಾಕುತ್ತಲೇ ಇತ್ತು. ಇನ್ನೊಂದು ಸಲ ಕೂಗಿದಳು. ಬಾಲದಿಂದ ನೊಣ ಓಡಿಸಿಕೊಂಡಿತು ಅಷ್ಟೆ. ಬೈರಯ್ಯ ಹುಲ್ಲು ತರುವ ನೆವದಲ್ಲಿ ಹಿತ್ತಲಿಗೆ ಹೋದ.

ಆದರೂ ಹಾಸನಕ್ಕೆ ಹೋದಳು. ಮಹಡಿಯ ಕೋಣೆ ಹೋಗಿ ಈಗ ಏಸಿ ಸ್ಟುಡಿಯೋ ಬಂದಿತ್ತು. ಅವಳು ಮಾತಾಡಿದ ಕೂಡಲೇ ಚಂದ್ರಮೌಳಿಯವರ ಮುಖ ಕಳೆಗುಂದಿತು. ಆಮೇಲೆ ಎದ್ದು ಬಂದು, “ಕೂತ್ಕೊಳಮ್ಮ, ನೀನು ತಲೆ ಕೆಡಿಸ್ಕೋಬೇಡ. ನಿನ್ನ ಹಳೇ ಕಂತೆಲ್ಲ ಇದೆಯಲ್ಲ, ಕಂಪ್ಯೂಟರ್‌ಗೆ ಹಾಕಿದೀವಿ. ಕೇಳು,” ಎಂದು ಹಾಕಿ ತೋರಿಸಿದರು.

ಪೇಟೆಯಲ್ಲಿ ದಾರಿ ತಪ್ಪಿದ ಕೆಂದ ಅವ್ವನನ್ನು ಕೂಗುತ್ತಿದ್ದ. ಅದೇ ನಡುಕ, ಅದೇ ಹಸಿವು, ಕೊನೆಯಲ್ಲಿ ಅದೇ ಬಿಕ್ಕು.

“ಇದ್ನ ನಾನು ಯಾವತ್ತೂ ಏಳೇ ಇಲ್ವಲ್ಲ ಸಾ,” ಎಂದಳು.

“ನೀನೇ ಕಣಮ್ಮ. ಯಂತ್ರ ಜೋಡಿಸ್ಕೊಂಡಿದೆ ಅಷ್ಟೇ.”

“ಈ ಒಂದು ಕೂಗಾದ್ರೂ ನಾನೇ ಕೂಗ್ತೀನಿ ಸಾ. ಎಂಗಿದ್ರೂ ಅಳೋದು ತಾನೆ?”

ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯ ಅಲ್ಲ. “ಮಕ್ಕಳು ಹೆದರ್ಕೋತಾರಮ್ಮ,” ಎಂದರು. ಅದು ಅವಳಿಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ.

ಸಿನಿಮಾ ಬಿಡುಗಡೆಯಾದ ಭಾನುವಾರ ಹಾಸನದ ಟಾಕೀಸಿಗೆ ಮನೆಯವರೆಲ್ಲ ಹೋದರು. ದುದ್ದದಿಂದ ಬೈರಯ್ಯನೂ ಬಸ್ಸು ಹತ್ತಿ ಬಂದ. ಕವನಾಳಿಗೆ ಮುಂದಿನವರ ತಲೆ ಅಡ್ಡ ಬಂತು. ಕೀರ್ತಿರಾಜ್ ಆ ತುದಿಯಲ್ಲಿ ಕೂತಿದ್ದ, ಪಕ್ಕದಲ್ಲಿದ್ದವಳು ಅಮ್ಮ. ವಿಧಿಯಿಲ್ಲದೆ ಅವಳ ಮಡಿಲೇರಿದಳು. ಎಷ್ಟೋ ದಿನದ ಮೇಲೆ ಮಗಳ ತಲೆಯ ಎಣ್ಣೆ ವಾಸನೆ ಹತ್ತಿರಕ್ಕೆ ಬಂದು ಶೋಭಿತಾ ಅಲುಗಾಡದೆ ಕೂತಳು.

ಪೇಟೆಯ ಬೀದಿಯಲ್ಲಿ ಕೆಂದ ಅವ್ವನನ್ನು ಕೂಗತೊಡಗಿದ. ಟಾಕೀಸಿನ ಮಕ್ಕಳೆಲ್ಲ ಉಸಿರು ಹಿಡಿದವು. ಶೋಭಿತಾಳಿಗೆ ತಡೆಯಲಾಗಲಿಲ್ಲ. ಬಗ್ಗಿ ಮಗಳ ಕಿವಿಯಲ್ಲಿ, “ಅದು ನಾನು ಕಣವ್ವ,” ಎಂದಳು.

ಕವನಾ ತೆರೆಯಿಂದ ಕಣ್ಣು ತೆಗೆಯದೆ ಪುಟ್ಟ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. “ಶ್! ನೀ ಸುಮ್ಕಿರವ್ವ. ಕೆಂದ ಅಳ್ತಾವ್ನೆ.”

ಪಕ್ಕದ ಕುರ್ಚಿಯಿಂದ ಬೈರಯ್ಯ ಎದ್ದ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಕತ್ತಲಲ್ಲಿ ತಡಕಾಡಿಕೊಂಡು ಹೊರಗೆ ಹೋದವನು ಸಿನಿಮಾ ಮುಗಿಯುವ ತನಕ ಒಳಗೆ ಬರಲಿಲ್ಲ.

ತೆರೆಯ ಮೇಲೆ ಕೆಂದನಿಗೆ ಅವ್ವ ಸಿಕ್ಕಳು. ಅವನು ಅವಳ ಪಕ್ಕೆಗೆ ಒರಗಿ ದಾರಿಯ ಕತೆಯನ್ನೆಲ್ಲ ಹೇಳುತ್ತಾ ಹೋದ. ಕೇಳುತ್ತಾ ಕೇಳುತ್ತಾ ಕವನಾಳ ತಲೆ ಶೋಭಿತಾಳ ಎದೆಗೆ ವಾಲಿತು, ಮೊದಲಿನ ಹಾಗೆ ಕತ್ತಿನ ಸಂದಿಯಲ್ಲಿ ಮೂಗು ಹುದುಗಿಸಿಕೊಂಡು ಗಾಢ ನಿದ್ದೆ ಹೋದಳು.

ಮಲಗಿದ್ದ ಮಗುವನ್ನು ಎತ್ತಿಕೊಂಡು ಶೋಭಿತಾ ಹೊರಗೆ ಬಂದಾಗ ಬೈರಯ್ಯ, “ಎಂಗಿತ್ತವ್ವ?” ಎಂದು ಕೇಳಿದ. ಬಸ್ಸಿನಲ್ಲಿ ಕೀರ್ತಿರಾಜ್ ನೀರು ಬೇಕಾ ಎಂದು ಕೇಳಿದ. ಬಾಯಿ ಬಿಟ್ಟರೆ ಮಗು ಎದ್ದುಬಿಡುತ್ತದೆ ಎಂದು ಹೊಳೆನರಸೀಪುರ ಬರುವವರೆಗೂ ಶೋಭಿತಾ ಯಾರ ಹತ್ತಿರವೂ ಮಾತಾಡಲಿಲ್ಲ.