ಹೊಗೆಸೊಪ್ಪಿನ ಗಂಟು

ಮೊನ್ನೆ ಜೀಪಿನ ಸೀಟಿನಡಿ ಕೈಹಾಕಿದಾಗ ಒಂದು ಕೋಲು ಸಿಕ್ಕಿತು. ತುದಿಯಲ್ಲಿ ಬಟ್ಟೆಯ ಪುಟ್ಟ ಗಂಟು, ಒಳಗೆ ಹೊಗೆಸೊಪ್ಪು, ಸುಣ್ಣ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಮುಟ್ಟಿಸಿದರೆ ಕಳಚಿ ಬೀಳುತ್ತದೆ. ಆ ಘಾಟಿಗೆ ಪಕ್ಕದ ಮನೆಯ ದೊಡ್ಡಪ್ಪ ಎದುರಿಗೆ ಬಂದು ನಿಂತ ಹಾಗಾಯಿತು...

ಅವರು ಆಲೂರು, ಸಕಲೇಶಪುರದ ಕಡೆ ತೋಟ ಕೊಡಿಸುವ ಬ್ರೋಕರ್. ಎಂ.ಎ. ಮುಗಿಸಿದ ನಾನೂ ಅದೇ ಕೆಲಸಕ್ಕೆ ಇಳಿದೆ, ಸ್ವಲ್ಪ ಬೇರೆ ರೀತಿಯಲ್ಲಿ. ಮಾಲೀಕರಿಗೆ ಸಣ್ಣ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುವುದು, ಗಡುವಿನೊಳಗೆ ಕೊಳ್ಳುವವರನ್ನು ಹುಡುಕಿ ಅವರ ಹೆಸರಿಗೇ ರಿಜಿಸ್ಟ್ರಿ ಮಾಡಿಸುವುದು. ಎರಡು ಬೆಲೆಗಳ ನಡುವೆ ಉಳಿದದ್ದು ನಮ್ಮದು. ವನಗೂರಿನ ಚಿಕ್ಕ ಕಾಫಿ ತೋಟವೊಂದು ನನ್ನ ಮೊದಲ ಅಗ್ರಿಮೆಂಟ್. ಗೌರಿ ಹಬ್ಬಕ್ಕೆ ಗಡುವು. ಅಷ್ಟರಲ್ಲಿ ಆಗದಿದ್ದರೆ ಬಿ.ಎಡ್. ಸೇರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ.

ಬುದ್ಧಿವಂತಿಕೆ ಎಂದುಕೊಂಡು, ಕಾಫಿ ಹೂಬಿಟ್ಟಾಗಲೇ ತೋಟ ತೋರಿಸಿದೆ. ಬಂದವರೆಲ್ಲ ಹೂವಿನ ನಡುವೆ ಫೋಟೋ ತೆಗೆಸಿಕೊಂಡರು, ಆಗಲಿ ಎಂದರು, ಹೋದರು. ಒಬ್ಬರೂ ತಿರುಗಿ ಬರಲಿಲ್ಲ.

"ಮದ್ವೆ ಮನೇಲಿ ಎಲ್ರೂ ಚೆಂದವೇ ಕಣವ್ವ," ದೊಡ್ಡಪ್ಪ ನಕ್ಕರು. "ಮಳೆ ಹಿಡೀಲಿ, ಆಗ ಕರ್ಕೊಂಡ್ ಹೋಗಾನ."

ಆಷಾಢದಲ್ಲಿ ಹಾಸನದಿಂದ ಗಂಡ ಹೆಂಡತಿ ಬಂದರು. ಜೀಪು ಹತ್ತದ ಏರಿನಲ್ಲಿ ನಡೆದೆವು. ಅರ್ಧ ದಾರಿಗೆ ಗಂಡ, "ಇದೇನ್ ಮಾರಾಯ್ರೆ, ಕಾಲೆಲ್ಲ ರಕ್ತ," ಎಂದು ಜೀಪಿಗೆ ವಾಪಸಾದರು. ಬಿ.ಎಡ್. ಕಾಲೇಜಿನ ಗೇಟು ನನ್ನ ಕಣ್ಣ ಮುಂದೆ ಬಂತು. ಹೆಂಡತಿ ಮಾತ್ರ ದೊಡ್ಡಪ್ಪನಿಂದ ಕೋಲು ಇಸಿದುಕೊಂಡು, ಇಂಬಳಗಳನ್ನು ಒಂದೊಂದೇ ಬೀಳಿಸುತ್ತಾ ಕೇಳಿದರು, "ಈ ಹಳ್ಳ ಬೇಸ್ಗೇಲೂ ಹರೀತದಾ?"

"ಶಿವರಾತ್ರಿಗಂಟ ಹರೀತದೆ. ಆಮೇಲೆ ಇಲ್ಲ ಕಣ್ರೀ."

ಇಷ್ಟು ನಿಜ ಹೇಳಬೇಕಿತ್ತೇ ಎಂದು ನಾನು ದೊಡ್ಡಪ್ಪನನ್ನೇ ನೋಡಿದೆ.

"ಹಂಗಾರೆ ಒಂದು ಕೆರೆ ತೆಗೆಸ್ಬೇಕು," ಎಂದರು ಆಕೆ, ಜಾಗ ಹುಡುಕುತ್ತಾ.

ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದರು. "ರಕ್ತ ಕೊಟ್ಟೋರು ಕಾಸೂ ಕೊಡ್ತಾರೆ. ಹೆದರ್ಬ್ಯಾಡ ಮಗ."

ಹಬ್ಬಕ್ಕೆ ಮೊದಲೇ ರಿಜಿಸ್ಟ್ರಿ ಆಯಿತು. ಅಪ್ಪ ಮತ್ತೆ ಬಿ.ಎಡ್. ಮಾತೆತ್ತಲಿಲ್ಲ. ಅಲ್ಲಿಂದಾಚೆಗೆ ನಾನು ತೋಟಗಳನ್ನು ಮಳೆಯಲ್ಲೇ ತೋರಿಸುತ್ತೇನೆ.

ದೊಡ್ಡಪ್ಪ ತೀರಿಕೊಂಡು ಎರಡು ಮಳೆಗಾಲವಾಯಿತು. ಮೊನ್ನೆ ಸಿಕ್ಕ ಗಂಟಿನ ಬಟ್ಟೆ ಜೀರ್ಣವಾಗಿತ್ತು. ಹೊಸದೊಂದು ಕಟ್ಟಿಕೊಂಡು ತೋಟ ನೋಡುವವರ ಜೊತೆ ಹೊರಟೆ. ಹಳ್ಳ ದಾಟುವುದರೊಳಗೆ ಅದು ಬಿಚ್ಚಿಕೊಂಡಿತು. ಹೇಗೆ ಕಟ್ಟುವುದೆಂದು ನಾನು ಕೇಳಿಯೇ ಇರಲಿಲ್ಲ. ಮಳೆ ಹಿಡಿದ ಕೂಡಲೇ ಅವರೇ ಕಟ್ಟಿ ತಂದುಕೊಡುತ್ತಿದ್ದರು...