ತಾಟಿನ ನಡುವಿನ ಗೆರೆ

ನಾನು ತಿಂಡಿಪೋತಿ. ನಾನೇ ಮೊದಲು ಹೇಳಿಬಿಟ್ಟರೆ ಬೇರೆಯವರಿಗೆ ಹೇಳುವ ಶ್ರಮ ತಪ್ಪುತ್ತದೆ. ಮನೆ ಸಿಂಧನೂರಿನಲ್ಲಿ, ಶಾಲೆ ಮಸ್ಕಿಯಲ್ಲಿ. ಇಪ್ಪತ್ತು ವರ್ಷ ದಿನಾಲೂ ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿದು ಕುಳಿತು ಓಡಾಡಿದ ಟೀಚರು ನಾನು. ನೂರಾ ಹದಿನೆಂಟು ಕೆಜಿ ತೂಗುತ್ತಿದ್ದಾಗ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನನ್ನ ಜಠರದ ಮೇಲ್ಭಾಗಕ್ಕೆ ಬ್ಯಾಂಡ್ ಹಾಕಿದರು. ರಬ್ಬರಿನಂಥ ಒಂದು ಉಂಗುರ. ಅದರ ಮೇಲೆ ಉಳಿಯುವುದು ಪುಟ್ಟ ಚೀಲದಷ್ಟು ಹೊಟ್ಟೆ. ಅದು ತುಂಬಿದರೆ ಊಟ ಮುಗಿದ ಹಾಗೆ. ಡಾಕ್ಟರು ಒಂದು ಸಣ್ಣ ಸ್ಟೀಲ್ ಬಟ್ಟಲು ತೋರಿಸಿ, ಒಂದು ಹೊತ್ತಿಗೆ ಇಷ್ಟೇ ಎಂದರು. ಮೊದಲ ಕೆಲವು ವಾರ ಮೆತ್ತಗಿನದು, ಆಮೇಲೆ ಗಟ್ಟಿ ಊಟ, ಚೆನ್ನಾಗಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು, ಸಾಕು ಅನ್ನಿಸಿದ ಕೂಡಲೇ ಕೈ ತೊಳೆಯಬೇಕು. ನಾನು ನನ್ನ ಒಂದನೇ ತರಗತಿಯ ಮಕ್ಕಳ ಹಾಗೆ ಎಲ್ಲದಕ್ಕೂ ತಲೆಯಾಡಿಸಿದೆ.

ಆ ಉಂಗುರ ನನಗೊಬ್ಬಳಿಗಾಗಿಯೇ ಹಾಕಿಸಿಕೊಂಡದ್ದಲ್ಲ. ಲಿಂಗಸುಗೂರಿನಲ್ಲಿ ನನ್ನ ಅಕ್ಕ ಇದ್ದಾಳೆ; ನಮ್ಮಲ್ಲಿ ಆಪಾ ಅನ್ನುತ್ತೇವೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನಷ್ಟೇ ದಪ್ಪ, ಜೊತೆಗೆ ನನಗಿಲ್ಲದ ಸಕ್ಕರೆ ಕಾಯಿಲೆ. ಗಂಡ ತೀರಿಕೊಂಡ ಮೇಲೆ ಹೆಂಗಸರ ಬಟ್ಟೆ ಹೊಲಿಯುತ್ತಾ ಒಬ್ಬಳೇ ಇದ್ದಾಳೆ. ಆಗಲೇ ಅವಳ ಕಾಲಲ್ಲೊಂದು ಮಾಯದ ಹುಣ್ಣು. ತೂಕ ಇಳಿಯದಿದ್ದರೆ ಈ ಕಾಲು ಉಳಿಯುವುದು ಕಷ್ಟ, ನೀವೂ ಬ್ಯಾಂಡ್ ಹಾಕಿಸಿಕೊಳ್ಳಿ ಎಂದು ಡಾಕ್ಟರು ಅವಳಿಗೂ ಹೇಳಿದ್ದರು. ಚಾಕು ಎಂದರೆ ಆಪಾನಿಗೆ ಜೀವವೇ ಹೋಗುತ್ತದೆ. ನನ್ನ ಕೈ ಹಿಡಿದು ಕೇಳಿದಳು.

"ಮೊದ್ಲ ನೀ ಮಾಡಿಸ್ಕೋ. ನಿಂದು ನೋಡಿ ನಾನು."

ಹೀಗಾಗಿ ನನ್ನ ಬಟ್ಟಲಿನ ಮೇಲೆ ಅವಳ ಕಾಲು ನಿಂತಿತ್ತು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಆಪರೇಷನ್ ಆದ ಮೇಲೆ ಸುಧಾರಿಸಿಕೊಳ್ಳಲು ಬೇಸಿಗೆ ರಜೆಯೆಲ್ಲ ಆಪಾನ ಮನೆಯಲ್ಲೇ ಇದ್ದೆ. ನಾವಿಬ್ಬರೂ ಚಿಕ್ಕಂದಿನಿಂದ ಒಂದೇ ತಾಟಿನಲ್ಲಿ ಉಂಡವರು. ಅಮ್ಮಿ ದಸ್ತರಖಾನದ ಬಟ್ಟೆ ಹಾಸಿ ನಮ್ಮಿಬ್ಬರಿಗೆ ಒಂದು ದೊಡ್ಡ ತಾಟು ಇಡುತ್ತಿದ್ದಳು. ಜಗಳ ಆಗಬಾರದೆಂದು ಆಪಾ ಅನ್ನದ ನಡುವೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು, ಇತ್ತ ನಿಂದು, ಅತ್ತ ನಂದು ಅಂತ. ತಾಟಿನಲ್ಲಿ ಒಂದಗುಳು ಬಿಟ್ಟರೂ ಅಮ್ಮಿ ಸುಮ್ಮನಿರುತ್ತಿರಲಿಲ್ಲ. ಅನ್ನ ಎಂದರೆ ರಿಜಕ್, ಮೇಲಿನವನು ಕೊಟ್ಟದ್ದು, ಬಿಟ್ಟರೆ ಪಾಪ. ಒಬ್ಬಳ ಕೈಲಿ ಆಗದಿದ್ದರೆ ಇನ್ನೊಬ್ಬಳು ಮುಗಿಸಬೇಕು. ಇಬ್ಬರಿಗೂ ಐವತ್ತು ಸಮೀಪಿಸಿದರೂ ಲಿಂಗಸುಗೂರಿಗೆ ಹೋದಾಗ ನಮಗೆ ಒಂದೇ ತಾಟು.

ಎಂಟು ತಿಂಗಳಲ್ಲಿ ಇಪ್ಪತ್ತನಾಲ್ಕು ಕೆಜಿ ಇಳಿದೆ. ನನ್ನ ಕುರ್ತಾಗಳನ್ನೆಲ್ಲ ಆಪಾ ಮೂರು ಸಲ ಬಿಚ್ಚಿ ಬಿಗಿ ಮಾಡಿದಳು. ಪ್ರತಿ ಸಲ ಟೇಪು ಸುತ್ತಿ ಅಳೆದಾಗಲೂ, ನಾನು ನಾಲ್ಕು ಅಂಗುಲ ಕಡಿಮೆಯಾದದ್ದು ತನಗೇ ಕಡಿಮೆಯಾದಂತೆ ನಗುತ್ತಿದ್ದಳು. ಅದೇ ಎಂಟು ತಿಂಗಳಲ್ಲಿ ಅವಳ ಕಾಲಿನ ಒಂದು ಬೆರಳನ್ನು ತೆಗೆದರು. ಬೆರಳು ಹೋದ ಮೇಲೆ ಅವಳು ಗಟ್ಟಿ ಮನಸ್ಸು ಮಾಡಿದಳು. ಬಕ್ರೀದ್ ಮುಗಿಯಲಿ, ಹೈದರಾಬಾದಿಗೆ ಹೋಗೋಣ ಎಂದಳು.

ಅಷ್ಟರಲ್ಲಿ ನಾನು ಕೆಟ್ಟಿದ್ದೆ.

ಶುರುವಾದದ್ದು ಮಸ್ಕಿಯ ಶಾಲೆಯಲ್ಲಿ. ಒಂದು ಮಧ್ಯಾಹ್ನ ಅವಸರದಲ್ಲಿ ಜೋಳದ ರೊಟ್ಟಿ ಸರಿಯಾಗಿ ಅಗಿಯದೆ ನುಂಗಿದೆ. ಎದೆಯ ನಡುವೆ ಕಲ್ಲಿಟ್ಟಂತೆ ನಿಂತುಬಿಟ್ಟಿತು. ಮೇಲೂ ಬರದು, ಕೆಳಗೂ ಹೋಗದು. ಬೆವೆತು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಕಾರಿಕೊಂಡೆ. ನಾಲ್ಕು ದಿನ ಹೀಗೇ ಆಯಿತು. ಸ್ಟಾಫ್ ರೂಮಿನಲ್ಲಿ ಗುಸುಗುಸು ಎದ್ದಿತು: ಟೀಚರು ಈ ವಯಸ್ಸಿನಲ್ಲಿ ಬಸುರಿಯೇ? ಬಾಯಿಗೆ ಬಂದದ್ದು ಬೈದು ಎಲ್ಲರ ಬಾಯಿ ಮುಚ್ಚಿಸಿದೆ.

ಬಿಸಿಯೂಟದ ಅಡುಗೆ ಮಾಡುವಾಕೆಗೆ ಮಾತ್ರ ನನ್ನ ಸಂಕಟ ಅರ್ಥವಾಯಿತು. ಪಾಪದ ಹೆಂಗಸು. ನಮ್ಮ ಕಡೆ ಹಲ್ಲಿಲ್ಲದ ಮುದುಕರಿಗೆ ಒಣರೊಟ್ಟಿ ಮುರಿದು ಬಿಸಿ ಸಾರಿನಲ್ಲಿ ನೆನೆಸಿ ಕೊಡುತ್ತಾರಲ್ಲ, ನನಗೂ ಹಾಗೇ ಮಾಡಿ ಕೊಟ್ಟಳು.

"ನೆನಸ್ಕೊಂಡು ತಿನ್ರೀ ಟೀಚರ್. ತಾನಾ ಇಳೀತೈತಿ."

ಇಳಿಯಿತು. ಬೆಣ್ಣೆಯ ಹಾಗೆ ಇಳಿಯಿತು. ಎದೆಯಲ್ಲಿ ಏನೂ ನಿಲ್ಲಲಿಲ್ಲ. ಬಟ್ಟಲು ಖಾಲಿಯಾಯಿತು, ಸಾಕು ಅನ್ನಿಸಲಿಲ್ಲ. ಇನ್ನೊಂದು ಬಟ್ಟಲು ತಿಂದೆ, ಆಗಲೂ ಅನ್ನಿಸಲಿಲ್ಲ. ಮೂರನೆಯದಕ್ಕೆ ನನಗೆ ಗೊತ್ತಾಗಿಹೋಯಿತು. ಉಂಗುರ ತಡೆಯುವುದು ಗಟ್ಟಿಯಾದದ್ದನ್ನು. ಕರಗಿದ್ದು, ನೆನೆದದ್ದು, ಜಾರುವಂಥದ್ದು ಅದರ ಕಣ್ಣೆದುರಿಗೇ ದಾಟಿ ಹೋಗುತ್ತದೆ. ಅವತ್ತು ನನಗೆ ದುಃಖವಾಗಬೇಕಿತ್ತು. ಸಂತೋಷವಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಆಮೇಲೆ ಹಿಂದೆ ಮುಂದೆ ನೋಡಲಿಲ್ಲ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಮಾಡುವ ವಗ್ಗಾಣಿ, ಹಾಲಲ್ಲಿ ಬೇಯಿಸಿದ ಶಾವಿಗೆ, ಗೋಧಿ ಹುಗ್ಗಿ, ಕರಗಲು ಬಿಟ್ಟ ಐಸ್‌ಕ್ರೀಮು. ನನ್ನ ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿ ಇರುತ್ತಾರೆ, ಶಿಫ್ಟ್ ಸಿಕ್ಕ ಹಾಗೆ ಮನೆಗೆ ಬರುತ್ತಾರೆ. ಕೇಳುವವರಿಲ್ಲದ ಮನೆಯಲ್ಲಿ ಸಂಜೆ ಬಸ್ಸಿಳಿದು ಬಂದವಳು ಬುರ್ಖಾ ಕೂಡ ತೆಗೆಯದೆ ಒಲೆ ಹಚ್ಚುತ್ತಿದ್ದೆ. ಹಸಿವೆಯೇ ಎಂದರೆ ಅಲ್ಲ. ಹೊಟ್ಟೆ ಏನೂ ಕೇಳುತ್ತಿರಲಿಲ್ಲ, ನಾನು ಕೇಳುತ್ತಿದ್ದೆ. ನಿಂತುಕೊಂಡೇ, ಸೌಟಿನಿಂದಲೇ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕುಡಿಯುತ್ತಿದ್ದೆ. ಸಾಕು ಮಾಡು, ಸಾಕು ಮಾಡು ಎಂದು ಬಾಯಲ್ಲಿ ಹೇಳುತ್ತಲೇ ಕೈ ಪಾತ್ರೆಗೆ ಹೋಗುತ್ತಿತ್ತು. ಆ ಕೈ ನನ್ನದೇ ಎಂದು ನಂಬಲಾಗದೆ ಹೆದರಿದ್ದೇನೆ.

ಡಾಕ್ಟರ ಬಳಿ ಒಮ್ಮೆ ಹೋದೆ. ತೂಕ ನಿಂತಿದೆ, ಬ್ಯಾಂಡ್ ಸಡಿಲ ಇರಬೇಕು ಎಂದೆ. ನೆನೆಸಿ ತಿನ್ನುವ ಮಾತು ಬಾಯಿ ಬಿಡಲಿಲ್ಲ. ಅವರು ಹೊಟ್ಟೆಯ ಮೇಲಿಂದ ಸೂಜಿಯಲ್ಲಿ ನೀರು ತುಂಬಿಸಿ ಉಂಗುರ ಬಿಗಿ ಮಾಡಿದರು. ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗಾಯಿತು. ಅದುವರೆಗೆ ಒಂದಷ್ಟಾದರೂ ಇಳಿಯುತ್ತಿದ್ದ ರೊಟ್ಟಿ, ಪಲ್ಯ ಪೂರ್ತಿ ನಿಂತುಹೋದವು. ಹುಗ್ಗಿ ಮಾತ್ರ ಮೊದಲಿನ ಹಾಗೇ ಇಳಿಯಿತು. ಮುಂದಿನ ತಾರೀಖಿಗೆ ನಾನು ಆಸ್ಪತ್ರೆಗೆ ಹೋಗಲೇ ಇಲ್ಲ.

ಆಪಾ ದಿನಾ ಫೋನು ಮಾಡಿ ಎಷ್ಟು ತಿಂದೆ ಎಂದು ಕೇಳುತ್ತಿದ್ದಳು. ಒಂದು ಬಟ್ಟಲು ಎನ್ನುತ್ತಿದ್ದೆ. ಸುಳ್ಳಲ್ಲ, ಒಂದೊಂದೇ ಬಟ್ಟಲು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಶಾಲೆಯ ಕೆಲಸ, ಜನಗಣತಿ, ತರಬೇತಿ ಎಂದು ಏನೇನೋ ನೆಪ ಹೇಳಿ ಲಿಂಗಸುಗೂರಿಗೆ ಹೋಗುವುದನ್ನೇ ಬಿಟ್ಟೆ. ಕುರ್ತಾ ಕಂಕುಳಲ್ಲಿ ಬಿಗಿಯತೊಡಗಿದಾಗ ಆಪಾನಿಗೆ ಒಯ್ಯಲು ಮುಖವಿಲ್ಲ. ಸಿಂಧನೂರಿನಲ್ಲೇ ಇನ್ನೊಬ್ಬ ದರ್ಜಿಯ ಹತ್ತಿರ ಪಕ್ಕದ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿಕೊಂಡೆ.

ಅದೇ ಕುರ್ತಾ ತೊಟ್ಟು ಬಕ್ರೀದಿಗೆ ಹೋದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಮೂವತ್ತು ವರ್ಷ ಹೊಲಿದವಳ ಮುಂದೆ ಬೇರೆಯವನ ಹೊಲಿಗೆ ತೊಟ್ಟು ನಿಂತಿದ್ದೆ. ಅಪ್ಪಿಕೊಂಡ ಆಪಾನ ಕೈ ನನ್ನ ಪಕ್ಕೆಯ ಹೊಲಿಗೆಯ ಮೇಲೆ ನಿಂತಿತು. ಬಟ್ಟೆ ಮಡಚಿ ದಾರ ನೋಡಿದಳು. ನಮ್ಮ ಮನೆಯ ಮಾತು ಅರ್ಧ ದಖನಿ, ಅರ್ಧ ಕನ್ನಡ. ಎದೆಗೆ ಹತ್ತಿದ ಮಾತು ಆಪಾನ ಬಾಯಲ್ಲಿ ಕನ್ನಡದಲ್ಲೇ ಬರುತ್ತದೆ.

"ಇದು ನನ್ನ ಹೊಲಿಗಿ ಅಲ್ಲ," ಎಂದಳು.

ಅಲ್ಲೇ ಕುಸಿದು ಎಲ್ಲ ಹೇಳಿದೆ. ಉಂಗುರದ ತಪ್ಪಲ್ಲ, ನಂದು, ನಾನೇ ನೆನೆಸಿ ನೆನೆಸಿ ತಿಂದೆ, ನೀನು ಹೋಗು, ನಿನಗೆ ಫಲ ಕೊಡುತ್ತದೆ ಎಂದು ಕಾಲು ಹಿಡಿದೆ. ಬೆರಳಿಲ್ಲದ ಕಾಲು ಕೈಗೆ ಸಿಕ್ಕಿತು. ಆಪಾ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

"ನೀ ನನಗಿಂತ ಗಟ್ಟಿ," ಎಂದಳು. "ನಿನ್ನ ಕೈಲೇ ಆಗ್ಲಿಲ್ಲ ಅಂದ್ರ ನಾ ಯಾವ ಗಿಡದ ತಪ್ಪಲಾ?"

ಹೈದರಾಬಾದಿನ ಮಾತು ಅಲ್ಲಿಗೆ ಮುಗಿಯಿತು. ಹಬ್ಬ ಕಳೆದು ತಿಂಗಳಾಗುವಷ್ಟರಲ್ಲಿ ಪಕ್ಕದ ಬೆರಳೂ ಕಪ್ಪಾಗತೊಡಗಿತು.

ಆಗಿನಿಂದ ಪ್ರತಿ ಭಾನುವಾರ ಲಿಂಗಸುಗೂರಿಗೆ ಹೋಗುತ್ತಿದ್ದೇನೆ, ಚೀಲದಲ್ಲಿ ಡಾಕ್ಟರು ಹೇಳಿದ ಅಳತೆಯ ಬಟ್ಟಲು ಇಟ್ಟುಕೊಂಡು. ಮಾತಿನಿಂದ ಆಗದ್ದು ಮೈಯಿಂದಲಾದರೂ ಆಗಲಿ, ನನ್ನನ್ನು ನೋಡಿ ಅವಳು ಮನಸ್ಸು ಮಾಡಲಿ ಎಂಬ ಆಸೆ. ಡಾಕ್ಟರಿಗೂ ಎಲ್ಲ ಹೇಳಿದೆ. ಚೆನ್ನಾಗಿ ಉಗಿಸಿಕೊಂಡೆ. ಉಂಗುರ ಸ್ವಲ್ಪ ಸಡಿಲಿಸಿ, ಇನ್ನು ಗಟ್ಟಿ ಊಟವನ್ನೇ ಅಗಿದು ತಿನ್ನಿ ಎಂದರು. ಮನೆಯಲ್ಲಿ ಇನ್ನೂ ವಾರಕ್ಕೆರಡು ದಿನ ಸೋಲುತ್ತೇನೆ. ಆಪಾನ ಮುಂದೆ ಸೋಲುವುದಿಲ್ಲ. ಅವಳು ಬಗಾರಾ ಅನ್ನ, ದಾಲ್ಚಾ ಸಾರು ಮಾಡಿ ಒಂದೇ ತಾಟಿಗೆ ಬಡಿಸಿ ಗೆರೆ ಎಳೆಯುತ್ತಾಳೆ. ನಾನು ಸಾರು ಮುಟ್ಟದೆ, ನನ್ನ ಕಡೆಯಿಂದ ಒಂದು ಬಟ್ಟಲಿನಷ್ಟು ಅಗಿದಗಿದು ತಿಂದು ಕೈ ಹಿಂದಕ್ಕೆ ತೆಗೆಯುತ್ತೇನೆ. ಐದು ಕೆಜಿ ಇಳಿದೆ. ನೋಡು ಆಪಾ, ಎಷ್ಟು ಬಿಟ್ಟೆ ಅಂತ ಹೆಮ್ಮೆಯಿಂದ ತಾಟು ತೋರಿಸುತ್ತಿದ್ದೆ.

ಕಳೆದ ತಿಂಗಳು ಒಂದು ಭಾನುವಾರ ಹಾಗೆ ತೋರಿಸಿ ಕೈ ತೊಳೆದು ಬಂದು ನೋಡುತ್ತೇನೆ, ತಾಟು ಖಾಲಿ. ನಾನು ಬಿಟ್ಟದ್ದನ್ನೆಲ್ಲ ಆಪಾ ಮುಗಿಸಿ ಬೆರಳಿನಿಂದ ತಾಟು ಬಳಿಯುತ್ತಿದ್ದಳು. ಅವಳು ಯಾವತ್ತೂ ಮಾಡುತ್ತಿದ್ದದ್ದು ಅದನ್ನೇ. ಆ ಬೇಸಿಗೆ ರಜೆಯಲ್ಲೂ ಮಾಡಿದ್ದಳು, ದಿನಕ್ಕೆ ಎರಡು ಹೊತ್ತು. ಇಬ್ಬರಿಗೆ ಬಡಿಸುತ್ತಿದ್ದಳು, ನಾನು ಬಟ್ಟಲಿನಷ್ಟು ತಿಂದು ಏಳುತ್ತಿದ್ದೆ. ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ನಾನು ಇಳಿಯುತ್ತಿದ್ದೆ, ಅವಳ ಸಕ್ಕರೆ ಏರುತ್ತಿತ್ತು. ಬೆರಳು ಹೋಗಿದ್ದು ಇದರಿಂದಲೇ ಎಂದು ಯಾವ ಡಾಕ್ಟರೂ ಹೇಳಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತೇನೆ, ದಿನಾ.

ಮೊನ್ನೆ ಭಾನುವಾರ ಮಧ್ಯಾಹ್ನ ಆಪಾ ಅನ್ನದ ಪಾತ್ರೆ ತಂದು ಕೂರುವ ಮೊದಲು ನಾನು ಎದ್ದು ಗೂಡಿನಿಂದ ಇನ್ನೊಂದು ತಾಟು ತಂದಿಟ್ಟೆ. ಅವಳು ಅದನ್ನು ನೋಡಿದಳು. ಮುಖ ಬಾಡಿತು. ನಾವೇನು ಬೇರೆಯಾದೆವೇ ಎಂದು ಕೇಳಿದಳು. ನಾನು ಎರಡೂ ತಾಟುಗಳನ್ನು ಅಂಚಿಗೆ ಅಂಚು ತಾಗುವಂತೆ ಸರಿಸಿದೆ.

ಕೊನೆಗೆ ಎರಡಕ್ಕೂ ಬಡಿಸಿದಳು. ನನ್ನದಕ್ಕೆ ಒಂದು ಬಟ್ಟಲಿನಷ್ಟು. ತನ್ನದಕ್ಕೆ ಕೈ ತಪ್ಪಿ ಎಂದಿನಷ್ಟೇ, ಇಬ್ಬರಿಗಾಗುವಷ್ಟು. ಬಿಸ್ಮಿಲ್ಲಾ ಎಂದು ಅಭ್ಯಾಸಬಲದಿಂದ ತನ್ನ ತಾಟಿನ ನಡುವೆ ಬೆರಳಿನಿಂದ ಗೆರೆ ಎಳೆದಳು. ಎಳೆದವಳು ಆ ಗೆರೆ ನೋಡುತ್ತಾ ಕುಳಿತಳು. ಆಮೇಲೆ ತನ್ನ ಕಡೆಯದನ್ನು ನಿಧಾನಕ್ಕೆ ಉಂಡಳು. ಗೆರೆಯ ತನಕ ಬಂದು ಕೈ ನಿಂತಿತು.

"ಅತ್ಲಾಗಿಂದು ಯಾರು ಉಣ್ಬೇಕು?" ಎಂದು ಕೇಳಿದಳು.

"ಯಾರೂ ಉಣ್ಬಾರ್ದು, ಆಪಾ," ಎಂದೆ.

ಅವಳ ಕೈ ಗೆರೆ ದಾಟಲಿಲ್ಲ. ತಾಟಿನಿಂದ ಎದ್ದೂ ಬರಲಿಲ್ಲ. ಬೆರಳಿಗಂಟಿದ ಅನ್ನ ಒಣಗುವ ತನಕ ನಾವಿಬ್ಬರೂ ಹಾಗೇ ಕುಳಿತಿದ್ದೆವು.